ಒಪ್ಪಿಗೆಯ ಮೇಲೆ ನಿಂತ ಆಳ್ವಿಕೆ: ‘ಹೆಜೆಮನಿ’ ಎಂಬ ಪದ ಬಂದ ದಾರಿ

ರಾಜ್ಯಶಾಸ್ತ್ರ ಓದುವ ಹುಡುಗರು ಹೆಚ್ಚು ತಡವರಿಸುವ ಪದಗಳಲ್ಲಿ ‘ಹೆಜೆಮನಿ’ ಒಂದು. ಕನ್ನಡದಲ್ಲಿ ಇದನ್ನು ಯಾಜಮಾನ್ಯ, ಯಜಮಾನಿಕೆ, ಆಧಿಪತ್ಯ, ಪ್ರಾಬಲ್ಯ ಎಂದೆಲ್ಲ ಬರೆಯುತ್ತಾರೆ. ಟಿವಿ ಚರ್ಚೆಗಳಲ್ಲಂತೂ ಯಾರು ಯಾರ ಮೇಲೆ ಜೋರು ಮಾಡಿದರೂ ಅದಕ್ಕೆ ಇದೇ ಹೆಸರು. ಅಮೆರಿಕ ಬಾಂಬು ಹಾಕಿದರೆ ಹೆಜೆಮನಿ, ಊರಿನ ಪುಢಾರಿ ಹೆದರಿಸಿದರೂ ಹೆಜೆಮನಿ. ಹೀಗೆ ಬಳಸಿದರೆ ಆ ಪದದೊಳಗಿನ ಮುಖ್ಯ ಸಂಗತಿಯೇ ಕಳೆದುಹೋಗುತ್ತದೆ. ಹೆದರಿಸಿ ಆಳುವುದಕ್ಕೆ ನಮ್ಮಲ್ಲಿ ದಬ್ಬಾಳಿಕೆ ಎಂಬ ಒಳ್ಳೆಯ ಪದ ಇದ್ದೇ ಇದೆ. ಹೆಜೆಮನಿ ಹುಟ್ಟಿದ್ದು ಬೇರೆಯದನ್ನು ಹೇಳಲು. ಆಳಿಸಿಕೊಳ್ಳುವವರು ತಾವಾಗಿಯೇ ‘ಹೀಗೇ ಇರಬೇಕು’ ಎಂದು ಒಪ್ಪಿಕೊಂಡಿರುವ ಆಳ್ವಿಕೆ ಅದು.

ಮೂಲ ಗ್ರೀಕ್. ‘ಹೆಗೆಮೋನ್’ ಅಂದರೆ ಮುಂದೆ ನಡೆಯುವವನು, ದಾರಿ ತೋರಿಸುವವನು. ಅವನ ಸ್ಥಾನ ‘ಹೆಗೆಮೋನಿಯಾ’. ಕಾರವಾರ, ಅಂಕೋಲಾ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ದೋಣಿಯ ತಾಂಡೇಲನನ್ನು ನೆನಪಿಸಿಕೊಳ್ಳಿ. ಎಲ್ಲಿ ಬಲೆ ಬಿಡಬೇಕು, ಯಾವಾಗ ವಾಪಸಾಗಬೇಕು ಅನ್ನುವುದು ಅವನ ಮಾತು. ಉಳಿದವರು ಕೇಳುತ್ತಾರೆ. ಅವನ ಕೈಯಲ್ಲಿ ದೊಣ್ಣೆ ಇದೆ ಅಂತಲ್ಲ, ಅವನಿಗೆ ನೀರು ಗೊತ್ತು, ಗಾಳಿ ಗೊತ್ತು, ಮೀನು ಸಿಕ್ಕರೆ ಪಾಲೂ ಸಿಗುತ್ತದೆ ಎಂಬ ನಂಬಿಕೆ. ಪದದ ಮೊದಲ ಅರ್ಥ ಇಷ್ಟೇ. ಅದರಲ್ಲಿ ಕೆಟ್ಟ ವಾಸನೆ ಏನೂ ಇರಲಿಲ್ಲ.

ಆ ವಾಸನೆ ಹೇಗೆ ಬಂತು ಅನ್ನುವುದಕ್ಕೆ ಅಥೆನ್ಸ್ ನಗರದ ಕಥೆ ಕೇಳಬೇಕು. ಕ್ರಿ.ಪೂ. 480-479ರಲ್ಲಿ ಗ್ರೀಕರು ಪರ್ಷಿಯಾದ ದೊಡ್ಡ ಸೈನ್ಯವನ್ನು ಹಿಂದಕ್ಕಟ್ಟಿದರು. ಆದರೂ ಏಜಿಯನ್ ಸಮುದ್ರದ ದ್ವೀಪಗಳಿಗೆ ಭಯ ಹೋಗಿರಲಿಲ್ಲ. ಅಲ್ಲಿಯವರೆಗೆ ಮುಂದಾಳತ್ವ ಇನ್ನೊಂದು ಗ್ರೀಕ್ ನಗರ ಸ್ಪಾರ್ಟಾದ್ದು. ಆದರೆ ಅದರ ಸೇನಾಪತಿ ಪೌಸಾನಿಯಾಸನ ದರ್ಪ ಯಾರಿಗೂ ಸಹಿಸಲಾಗಲಿಲ್ಲ. ಆಗ ದ್ವೀಪದವರೇ ಅಥೆನ್ಸಿನ ಹತ್ತಿರ ಹೋಗಿ, ನೀವೇ ನಮ್ಮ ಮುಂದಾಳು ಆಗಿ ಎಂದು ಕೇಳಿಕೊಂಡರು. ಕ್ರಿ.ಪೂ. 478ರ ಹೊತ್ತಿಗೆ ಒಕ್ಕೂಟ ಕಟ್ಟಿದ್ದಾಯಿತು. ಖಜಾನೆ ಇಟ್ಟದ್ದು ಡೆಲೋಸ್ ಎಂಬ ಪವಿತ್ರ ದ್ವೀಪದಲ್ಲಿ. ಕೆಲವರು ಹಡಗು ಕೊಡಬೇಕು, ಕೆಲವರು ಹಣ ಕೊಡಬೇಕು. ಮೊದಲ ಲೆಕ್ಕದಲ್ಲಿ ಒಟ್ಟು ವಂತಿಗೆ 460 ಟ್ಯಾಲೆಂಟ್ (ಬೆಳ್ಳಿ ತೂಗುವ ಆಗಿನ ಅಳತೆ). ನಿಗದಿ ಮಾಡಿದವನು ಅರಿಸ್ಟೈಡಿಸ್, ನ್ಯಾಯವಂತ ಎಂದು ಹೆಸರಾದವನು.

ಇಲ್ಲಿಯವರೆಗೆ ಎಲ್ಲ ಸರಿ. ಮುಂದೆ ಆದದ್ದು ನೋಡಿ. ಹಡಗು ಕಟ್ಟಿ, ಜನರನ್ನು ಯುದ್ಧಕ್ಕೆ ಕಳಿಸುವ ರಗಳೆ ಬೇಡ ಎಂದು ಬಹಳಷ್ಟು ಸದಸ್ಯರು ಹಣ ಕೊಡುವುದನ್ನೇ ಆರಿಸಿಕೊಂಡರು. ಆ ಹಣದಲ್ಲಿ ಅಥೆನ್ಸ್ ತನ್ನ ನೌಕಾಪಡೆ ಬೆಳೆಸಿಕೊಂಡಿತು. ಕೆಲವೇ ದಶಕಗಳಲ್ಲಿ ಒಕ್ಕೂಟದೊಳಗೆ ಯುದ್ಧದ ಹಡಗು ಇದ್ದದ್ದು ಹೆಚ್ಚುಕಡಿಮೆ ಅಥೆನ್ಸಿಗೆ ಮಾತ್ರ. ನಾಕ್ಸೋಸ್ ದ್ವೀಪ ಒಕ್ಕೂಟ ಬಿಡಲು ನೋಡಿತು. ಅದನ್ನು ಮುತ್ತಿಗೆ ಹಾಕಿ ಬಗ್ಗಿಸಿದರು. ಆಮೇಲೆ ಥಾಸೋಸ್ ಸರದಿ. ಕ್ರಿ.ಪೂ. 454ರಲ್ಲಿ ಖಜಾನೆಯೇ ಡೆಲೋಸಿನಿಂದ ಅಥೆನ್ಸಿಗೆ ಬಂತು. ಮಿತ್ರರ ದುಡ್ಡಿನಲ್ಲಿ ನಮ್ಮ ಊರನ್ನು ಸಿಂಗರಿಸುವುದು ಸರಿಯೇ ಎಂದು ಅಥೆನ್ಸಿನ ಒಳಗೇ, ಅಲ್ಲಿನ ನಾಯಕ ಪೆರಿಕ್ಲಿಸನ ವಿರೋಧಿಗಳು ಕೇಳಿದ್ದನ್ನು ಜೀವನಚರಿತ್ರೆಕಾರ ಪ್ಲುಟಾರ್ಕ್ ಬರೆದಿದ್ದಾನೆ.

ಈ ಬದಲಾವಣೆಯ ಕಥೆ ಬರೆದವನು, ಅದರ ಕೊನೆಯ ಹಂತದ ಕಾಲದಲ್ಲೇ ಬದುಕಿದ್ದ ಅಥೆನ್ಸಿನ ಇತಿಹಾಸಕಾರ ಥುಸಿಡಿಡೀಸ್. ಒಪ್ಪಿ ಕೊಟ್ಟ ಮುಂದಾಳತ್ವಕ್ಕೆ ಅವನ ಭಾಷೆಯಲ್ಲಿ ‘ಹೆಗೆಮೋನಿಯಾ’ ಇತ್ತು. ಮೇಲೆ ಕುಳಿತು ಆಳುವುದಕ್ಕೆ ‘ಆರ್ಖೆ’ ಇತ್ತು. ಮೊದಲನೆಯದು ಎರಡನೆಯದಾಗಿ ಬದಲಾದ ಕಥೆಯೇ ಅವನ ಪುಸ್ತಕದ ಬೆನ್ನೆಲುಬು. ಪೆರಿಕ್ಲಿಸನ ಬಾಯಲ್ಲಿ ಅವನು ಒಂದು ಮಾತು ಹಾಕುತ್ತಾನೆ: ನಿಮ್ಮ ಆಳ್ವಿಕೆ ಈಗ ಸರ್ವಾಧಿಕಾರದ ಹಾಗಿದೆ, ಅದನ್ನು ಹಿಡಿದದ್ದು ತಪ್ಪಿರಬಹುದು, ಬಿಡುವುದು ಅಪಾಯ. ಕ್ರಿ.ಪೂ. 416ರಲ್ಲಿ ಮೆಲೋಸ್ ದ್ವೀಪ ತಲೆಬಾಗಲು ಒಪ್ಪದಿದ್ದಾಗ ಅಥೆನ್ಸ್ ಅಲ್ಲಿನ ಗಂಡಸರನ್ನು ಕೊಂದು, ಹೆಂಗಸರು ಮಕ್ಕಳನ್ನು ಗುಲಾಮರನ್ನಾಗಿ ಮಾರಿತು. ಅಷ್ಟು ಹೊತ್ತಿಗೆ ಒಪ್ಪಿಗೆಯ ಮಾತು ಪೂರ್ತಿ ಮುಗಿದಿತ್ತು.

ಆಮೇಲೆ ಪದ ಅಲೆದಾಡಿತು. ಕ್ರಿ.ಪೂ. 337ರಲ್ಲಿ ಅಲೆಕ್ಸಾಂಡರನ ಅಪ್ಪ ಫಿಲಿಪ್, ಗ್ರೀಕ್ ನಗರಗಳನ್ನು ಸೋಲಿಸಿ ಅವುಗಳ ಕೂಟಕ್ಕೆ ತಾನು ‘ಹೆಗೆಮೋನ್’ ಎಂದು ಕರೆಸಿಕೊಂಡ. ಗೆದ್ದವನು ರಾಜ ಎನ್ನದೆ ಮುಂದಾಳು ಎಂದುಕೊಂಡದ್ದು ಸುಮ್ನೆ ಅಲ್ಲ. ಸೋತವರ ಮಾನ ಉಳಿದರೆ ಆಳುವುದು ಸಲೀಸು. ಬೈಬಲ್‌ನ ಗ್ರೀಕ್ ಮೂಲದಲ್ಲಿ ಯೇಸುವಿನ ವಿಚಾರಣೆ ಮಾಡಿದ ರೋಮನ್ ಅಧಿಕಾರಿ ಪಿಲಾತನಿಗೂ ಇದೇ ಪದ.

ಚೀನಾದಲ್ಲಿ ಇದಕ್ಕೆ ಸಮನಾದ ಪದ ‘ಬಾ’. ಅಲ್ಲಿ ಬಹಳ ಹಿಂದಿನಿಂದಲೇ ಅದಕ್ಕೆ ಸಂಶಯದ ಬಣ್ಣ. ಒಳ್ಳೆಯತನದ ಮುಖವಾಡ ಹಾಕಿ ಬಲ ತೋರಿಸುವವನು ‘ಬಾ’, ನಿಜವಾಗಿ ಒಳ್ಳೆಯವನಾಗಿ ಆಳುವವನು ರಾಜ ಎಂದು ಅಲ್ಲಿನ ಪ್ರಾಚೀನ ಚಿಂತಕ ಮೆನ್ಶಿಯಸ್ ವಿಂಗಡಿಸಿದ್ದ. ಹಾಗಾಗಿ 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೆ ಹೋದಾಗ ಹೊರಬಂದ ಶಾಂಘೈ ಹೇಳಿಕೆಯಲ್ಲಿ, ಏಷ್ಯಾ-ಪೆಸಿಫಿಕ್ ಭಾಗದಲ್ಲಿ ಎರಡೂ ದೇಶ ಹೆಜೆಮನಿಗೆ ಕೈಹಾಕುವುದಿಲ್ಲ ಎಂದು ಬರೆದರು. ಚೀನೀ ಓದುಗನಿಗೆ ಅದು ಪಕ್ಕಾ ಬೈಗುಳದಂಥ ಪದ. ಗ್ರೀಕ್ ಬಲ್ಲ ಓದುಗನಿಗೆ ಅಷ್ಟು ಕಟುವಾಗಿ ಕೇಳಿಸದು.

ಯುರೋಪಿನಲ್ಲಿ ಪದಕ್ಕೆ ಮತ್ತೆ ಜೀವ ಬಂದದ್ದು 19ನೇ ಶತಮಾನದಲ್ಲಿ. ಜರ್ಮನಿಯ ಸಣ್ಣಪುಟ್ಟ ರಾಜ್ಯಗಳನ್ನು ಪ್ರಶ್ಯ ಮುನ್ನಡೆಸಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ಅದು ಬೇಕಾಯಿತು. ಅಲ್ಲಿಂದ ರಷ್ಯದ ಕ್ರಾಂತಿಕಾರಿಗಳ ಕೈಗೆ ಹೋಯಿತು. ಪ್ಲೆಖಾನೊವ್, ಆಕ್ಸೆಲ್‌ರೋಡ್, ಆಮೇಲೆ ಲೆನಿನ್. ಕಾರ್ಮಿಕರು ತಮ್ಮ ಕೂಲಿಯ ಪ್ರಶ್ನೆಯಷ್ಟನ್ನೇ ಹಿಡಿದುಕೊಂಡು ಕೂರಬಾರದು, ರೈತರನ್ನೂ ಉಳಿದವರನ್ನೂ ಜೊತೆಗೆ ಕರೆದೊಯ್ಯಬೇಕು, ಅದೇ ಅವರ ಹೆಜೆಮನಿ ಎಂದರು. ಇಲ್ಲೊಂದು ದೊಡ್ಡ ತಿರುವಿದೆ. ಅಲ್ಲಿಯವರೆಗೆ ಪದ ಹೇಳುತ್ತಿದ್ದುದು ಒಂದು ರಾಜ್ಯ ಇನ್ನೊಂದು ರಾಜ್ಯವನ್ನು ಮುನ್ನಡೆಸುವ ಬಗ್ಗೆ. ಈಗ ಒಂದೇ ಸಮಾಜದೊಳಗೆ ಒಂದು ವರ್ಗ ಇನ್ನೊಂದನ್ನು ಮುನ್ನಡೆಸುವ ಬಗ್ಗೆ.

ಈ ಎಳೆಯನ್ನು ಹಿಡಿದು ಹೊಸದಾಗಿ ನೇಯ್ದವನು ಅಂಟೋನಿಯೊ ಗ್ರಾಮ್ಶಿ. 1891ರಲ್ಲಿ ಇಟಲಿಯ ಬಡ ದ್ವೀಪ ಸಾರ್ಡಿನಿಯಾದಲ್ಲಿ ಹುಟ್ಟಿದ. ಚಿಕ್ಕಂದಿನಿಂದ ಬೆನ್ನು ಗೂನು, ಆರೋಗ್ಯ ಸರಿ ಇಲ್ಲ. 1911ರಲ್ಲಿ ವಿದ್ಯಾರ್ಥಿವೇತನ ಸಿಕ್ಕು ಟ್ಯೂರಿನ್ ವಿಶ್ವವಿದ್ಯಾಲಯಕ್ಕೆ ಹೋದ. ಪತ್ರಕರ್ತನಾದ, ಕಮ್ಯುನಿಸ್ಟ್ ನಾಯಕನಾದ, 1924ರಲ್ಲಿ ಸಂಸತ್ತಿಗೆ ಆರಿಸಿಬಂದ. 1926ರ ನವೆಂಬರ್ 8ರಂದು ಮುಸೊಲಿನಿಯ ಪೊಲೀಸರು ಅವನನ್ನು ಹಿಡಿದರು. 1928ರಲ್ಲಿ 20 ವರ್ಷಕ್ಕೂ ಮೇಲೆ ಶಿಕ್ಷೆ. ಜೈಲಿನಲ್ಲಿ 1929ರಿಂದ 1935ರವರೆಗೆ ಶಾಲಾ ನೋಟ್‌ಬುಕ್ಕುಗಳಲ್ಲಿ ಬರೆಯುತ್ತ ಹೋದ. 1937ರ ಏಪ್ರಿಲ್ 27ರಂದು ತೀರಿಕೊಂಡಾಗ ವಯಸ್ಸು 46. ನೋಟ್‌ಬುಕ್ಕುಗಳನ್ನು ಕಾಪಾಡಿದವಳು ಅವನ ಹೆಂಡತಿಯ ಅಕ್ಕ ಟಟಿಯಾನಾ.

ಅವನ ತಲೆ ತಿನ್ನುತ್ತಿದ್ದ ಪ್ರಶ್ನೆ ಒಂದೇ. 1917ರಲ್ಲಿ ರಷ್ಯದಲ್ಲಿ ಕ್ರಾಂತಿ ಆಯಿತು. ಇಟಲಿಯಲ್ಲಿ, ಜರ್ಮನಿಯಲ್ಲಿ ಯಾಕೆ ಆಗಲಿಲ್ಲ? ಅವನ ಉತ್ತರ: ರಷ್ಯದಲ್ಲಿ ಸರ್ಕಾರವೇ ಎಲ್ಲವೂ ಆಗಿತ್ತು, ಅದು ಬಿದ್ದ ಕೂಡಲೇ ಎಲ್ಲ ಬಿತ್ತು. ಪಶ್ಚಿಮದಲ್ಲಿ ಸರ್ಕಾರ ಬರೀ ಹೊರಗಿನ ಕಂದಕ. ಅದರ ಹಿಂದೆ ಗಟ್ಟಿ ಕೋಟೆಗಳ ಸಾಲೇ ಇದೆ. ಶಾಲೆ, ಚರ್ಚು, ಪತ್ರಿಕೆ, ಸಂಘಗಳು, ದಿನನಿತ್ಯದ ‘ಎಲ್ಲರಿಗೂ ಗೊತ್ತಿರುವ’ ಮಾತುಗಳು. ಆಳುವವರ ಹಿತವನ್ನು ಎಲ್ಲರ ಹಿತ ಎಂದು ಜನ ನಂಬುವುದು ಇಲ್ಲಿ. ಹಾಗಂತ ಪೊಲೀಸರು, ಜೈಲು ಬೇಡವೆಂದು ಅವನು ಹೇಳಲಿಲ್ಲ. ಜೈಲಿನಲ್ಲೇ ಕೂತವನು ಹೇಗೆ ಹೇಳಿಯಾನು? ಒಪ್ಪಿಗೆ ಮುಂದೆ ಇರುತ್ತದೆ, ಅದಕ್ಕೆ ಬಲಪ್ರಯೋಗದ ಕವಚ ಇರುತ್ತದೆ ಎಂದ.

ಇದನ್ನು ‘ಜನರನ್ನು ಮರುಳು ಮಾಡುವುದು’ ಎಂದು ಓದಿದರೆ ಅರ್ಧವೇ ಅರ್ಥವಾದಂತೆ. ಒಪ್ಪಿಗೆ ಬಿಟ್ಟಿ ಸಿಗುವುದಿಲ್ಲ. ಆಳುವವರು ಏನನ್ನಾದರೂ ನಿಜವಾಗಿ ಬಿಟ್ಟುಕೊಡಬೇಕು. ಇದಕ್ಕೆ ನಮ್ಮ ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೊಪ್ಪಿನ ಬೆಟ್ಟಕ್ಕಿಂತ, ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡಿಗಿಂತ, ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಟಿಪ್ಪು ಬಿದ್ದ 1799ರಲ್ಲಿ ಕೆನರಾ, ಅಂದರೆ ನಮ್ಮ ಕರಾವಳಿ ಸೀಮೆ, ಇಂಗ್ಲಿಷರ ಕೈಗೆ ಬಂತು. 1862ರಲ್ಲಿ ಉತ್ತರದ ಭಾಗವನ್ನು ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತಕ್ಕೆ ಸೇರಿಸಿದರು. ಸರ್ಕಾರಕ್ಕೆ ಬೇಕಿದ್ದದ್ದು ಸಾಗವಾನಿ, ಹಡಗಿಗೂ ರೈಲಿಗೂ. 1878ರ ಅರಣ್ಯ ಕಾಯ್ದೆ ಬಂದ ಮೇಲೆ ಕಾಡಿನ ಸುತ್ತ ಗಡಿಕಲ್ಲು ನೆಟ್ಟರು. ಕಾಡು ಕಡಿದು ಸುಟ್ಟು ರಾಗಿ ಬಿತ್ತುತ್ತಿದ್ದ ಕುಮ್ರಿ ಬೇಸಾಯಗಾರರನ್ನು ಹಂತಹಂತವಾಗಿ ಹೊರಗಟ್ಟಿದರು. ಅವರಿಗೆ ಸಿಕ್ಕಿದ್ದು ಬರೀ ದಂಡ, ಬೆದರಿಕೆ. ಒಪ್ಪಿಗೆ ಯಾರೂ ಕೇಳಲಿಲ್ಲ.

ಅಡಿಕೆ ತೋಟಿಗರ ಜೊತೆ ಹಾಗೆ ಮಾಡಲಾಗಲಿಲ್ಲ. ಅವರು ಕಂದಾಯ ಕಟ್ಟುವವರು. ಓದುಬರಹ ಬಲ್ಲವರು, ಅರ್ಜಿ ಬರೆಯಬಲ್ಲವರು. ತೋಟಕ್ಕೆ ಸೊಪ್ಪು ಬೇಕೇ ಬೇಕು, ಸೊಪ್ಪಿಲ್ಲದಿದ್ದರೆ ಅಡಿಕೆಯೂ ಇಲ್ಲ, ಕಂದಾಯವೂ ಇಲ್ಲ. ಹಾಗಾಗಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟರು. ಸೊಪ್ಪು ಕಡಿಯಬಹುದು, ದರಕು (ಒಣಗಿ ಉದುರಿದ ಎಲೆ) ಒಟ್ಟಬಹುದು, ದನ ಮೇಯಿಸಬಹುದು. ಆದರೆ ನೆಲ ಸರ್ಕಾರದ್ದು. ಕಾಗದದ ಮೇಲೆ ಇದಕ್ಕೆ ಇಟ್ಟ ಹೆಸರು ‘ಹಕ್ಕು’ ಅಂತಲ್ಲ, ‘ಸವಲತ್ತು’ ಅಂತ.

ಈ ಸವಲತ್ತು ಸಾಲದೆಂದು ತೋಟಿಗರು ಆಗಲೇ ತಕರಾರು ಎತ್ತಿದ್ದರು. 1880ರ ದಶಕದಲ್ಲೇ ಶಿರಸಿ ಭಾಗದಲ್ಲಿ ಸಭೆ ಸೇರಿ, ಕಾಡಿನ ಕಷ್ಟವನ್ನು ಸರ್ಕಾರಕ್ಕೆ ಬರೆದು ತಿಳಿಸುವ ಕೆಲಸ ನಡೆಯಿತು. ಅದು ಧೈರ್ಯದ ಕೆಲಸವೇ, ಅನುಮಾನ ಇಲ್ಲ. ಆದರೆ ಅರ್ಜಿಯ ಭಾಷೆಯನ್ನು ಗಮನಿಸಬೇಕು. ಇನ್ನೂ ಸ್ವಲ್ಪ ಬೆಟ್ಟ ಕೊಡಿ, ಇನ್ನೂ ಕೆಲವು ಜಾತಿಯ ಮರ ಸವರಲು ಬಿಡಿ ಎಂದು ಕೇಳುವಾಗಲೇ, ಕೊಡುವ ಅಧಿಕಾರ ನಿಮ್ಮದು ಎಂದು ಒಪ್ಪಿಕೊಂಡಂತಾಯಿತು. ಒಂದೆರಡು ತಲೆಮಾರಿನ ಹಿಂದೆ ಯಾರ ಅಪ್ಪಣೆಯೂ ಇಲ್ಲದೆ ಸೊಪ್ಪು ತರುತ್ತಿದ್ದ ಕಾಡು ಅದು. ಜಗಳ ಎಷ್ಟು ಎಕರೆ ಎಂಬುದರ ಮೇಲೆ ನಡೆಯಿತು, ಕಾಡು ಯಾರದ್ದು ಎಂಬುದು ಪಕ್ಕಕ್ಕೆ ಸರಿಯಿತು. ಗ್ರಾಮ್ಶಿ ಹೇಳುವ ಹೆಜೆಮನಿ ಇದೇ. ವಿರೋಧ ಮಾಡುವವನೂ ಆಳುವವನು ಹಾಕಿದ ಗೆರೆಯೊಳಗೇ ವಿರೋಧ ಮಾಡುತ್ತಾನೆ. ಜೊತೆಗೆ ಇನ್ನೊಂದು ಲಾಭ ಸರ್ಕಾರಕ್ಕೆ ಆಯಿತು. ಬೆಟ್ಟ ಸಿಕ್ಕ ತೋಟಿಗನೂ ಕುಮ್ರಿ ಕಳೆದುಕೊಂಡವನೂ ಒಂದೇ ಸಾಲಿನಲ್ಲಿ ನಿಲ್ಲಲಿಲ್ಲ.

ಆ ಗೆರೆಯನ್ನೇ ದಾಟಿ ಮಾತಾಡಿದ್ದು ಸುಮಾರು ನೂರು ವರ್ಷದ ನಂತರ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿ ಕಾಡಿನಲ್ಲಿ ಊರವರು ಮರ ತಬ್ಬಿ ನಿಂತರು. ಅಪ್ಪಿಕೋ ಚಳವಳಿ ಶುರುವಾಯಿತು. ಅವರು ಹೆಚ್ಚು ಸವಲತ್ತು ಕೇಳಲಿಲ್ಲ. ಕಾಡು ಅಂದರೆ ಮರದ ದಿಮ್ಮಿ, ಅದನ್ನು ಕಡಿಯುವುದೇ ವೈಜ್ಞಾನಿಕ ನಿರ್ವಹಣೆ ಎಂಬ ಮಾತನ್ನೇ ಒಪ್ಪಲಿಲ್ಲ. ಕಾಡು ಅಂದರೆ ನೀರು, ಮಣ್ಣು, ಸೊಪ್ಪು ಎಂದರು. ‘ಉಳಿಸು, ಬೆಳೆಸು, ಬಳಸು’ ಎಂಬ ಮೂರು ಪದ ಇಟ್ಟುಕೊಂಡರು. ಎಲ್ಲರಿಗೂ ಗೊತ್ತಿರುವ ಮಾತು ಅಂತ ಇದ್ದದ್ದು ಅಲ್ಲಿ ಅಲುಗಾಡಿತು.

ಇಂಗ್ಲಿಷರ ಆಳ್ವಿಕೆಗೆ ಇಡೀ ಭಾರತದಲ್ಲಿ ಹೆಜೆಮನಿ ಇತ್ತೇ ಎಂಬ ಪ್ರಶ್ನೆಯೂ ಇದೆ. ಇತಿಹಾಸಕಾರ ರಣಜಿತ್ ಗುಹಾ ಇರಲಿಲ್ಲ ಎನ್ನುತ್ತಾರೆ. ಅವರ ವಾದದಲ್ಲಿ ಇಲ್ಲಿ ಮನವೊಲಿಕೆಗಿಂತ ಬಲಪ್ರಯೋಗದ ತೂಕವೇ ಜಾಸ್ತಿ. ಅಂದರೆ ಹೆಜೆಮನಿ ಇಲ್ಲದ ಹಿಡಿತ. ನನಗೆ ಈ ವಾದ ಬಹುಪಾಲು ಸರಿ ಕಾಣುತ್ತದೆ, ಆದರೆ ಬೆಟ್ಟದ ಕಥೆ ನೋಡಿದರೆ ಅಲ್ಲಲ್ಲಿ ಒಪ್ಪಿಗೆಯನ್ನೂ ಕೊಂಡುಕೊಂಡಿದ್ದರು ಅನ್ನಿಸುತ್ತದೆ. ಆ ಒಪ್ಪಿಗೆ ವಾಪಸು ಹೋದದ್ದನ್ನೂ ನಮ್ಮ ಜಿಲ್ಲೆ ಕಂಡಿದೆ. 1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯ್ದೆ ಮುರಿದರು. 1932ರ ಹೊತ್ತಿಗೆ ಅಂಕೋಲೆ, ಸಿದ್ದಾಪುರದ ರೈತರು ಕಂದಾಯ ಕೊಡುವುದಿಲ್ಲ ಎಂದರು. ಜಮೀನು, ಪಾತ್ರೆ, ದನ ಜಪ್ತಿಯಾಯಿತು. ಹರಾಜಿನಲ್ಲಿ ಅದನ್ನು ಕೊಂಡವರ ಮನೆ ಮುಂದೆ ಸಿದ್ದಾಪುರದ ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕುಳಿತರು. ಕಚೇರಿ ಮುಂದೆ ಕೂರಲಿಲ್ಲ, ಪಕ್ಕದ ಮನೆಯವನ ಅಂಗಳದಲ್ಲಿ ಕುಳಿತರು. ಸರ್ಕಾರದ ಜಪ್ತಿ ನಡೆಯಬೇಕಾದರೆ ಕೊಳ್ಳುವ ಒಬ್ಬ ನೆರೆಯವ ಬೇಕು ಎಂಬುದು ಅವರಿಗೆ ಅಷ್ಟು ಸ್ಪಷ್ಟವಾಗಿ ಗೊತ್ತಿತ್ತು. ಗ್ರಾಮ್ಶಿ ಜೈಲಿನಲ್ಲಿ ಕೂತು ಬರೆಯುತ್ತಿದ್ದ ವರ್ಷಗಳೇ ಅವು. ಇವರ ಹೆಸರು ಅವನಿಗೆ ಗೊತ್ತಿಲ್ಲ, ಅವನ ಹೆಸರು ಇವರಿಗೆ ಗೊತ್ತಿಲ್ಲ.

ಕನ್ನಡದಲ್ಲಿ ಯಾವ ಪದ ಸರಿ? ಆಧಿಪತ್ಯ, ಪ್ರಾಬಲ್ಯ ಎರಡರಲ್ಲೂ ಬಲದ ಸದ್ದು ಮಾತ್ರ ಇದೆ. ಯಜಮಾನಿಕೆಯೇ ಹತ್ತಿರ ಎಂದು ನನ್ನ ಅಭಿಪ್ರಾಯ. ಸಂಸ್ಕೃತದಲ್ಲಿ ಯಜಮಾನ ಅಂದರೆ ಯಜ್ಞ ಮಾಡಿಸುವವನು, ಖರ್ಚು ಹೊರುವವನು. ನಮ್ಮಲ್ಲಿ ಅದು ಮನೆಯ ಹಿರಿಯನಾಯಿತು. ‘ನಮ್ಮನೆ ಯಜಮಾನ್ರು ತೋಟಕ್ಕೆ ಹೋಗಿದ್ದಾರೆ’ ಎಂದು ಹೆಂಡತಿ ಗಂಡನ ಬಗ್ಗೆ ಹೇಳುವಾಗ ಆ ಮಾತಿನಲ್ಲಿ ಭಯಕ್ಕಿಂತ ಅಭ್ಯಾಸ, ಗೌರವ, ಪ್ರೀತಿ ಎಲ್ಲ ಸೇರಿರುತ್ತದೆ. ತೋಟದ ಅರ್ಧ ಕೆಲಸ ಅವಳೇ ಮಾಡಿದರೂ ಪಹಣಿಯಲ್ಲಿ ಹೆಸರು ಅವನದು. ಆಕೆಯೇ ಆ ಪದ ಬಳಸುತ್ತಾಳೆ. ಆಳ್ವಿಕೆ, ಒಪ್ಪಿಗೆ ಎರಡನ್ನೂ ಒಟ್ಟಿಗೆ ಹಿಡಿಯುವ ಇಂಥ ಪದ ಬೇರೆ ಸಿಕ್ಕುವುದು ಕಷ್ಟ.

ಗ್ರಾಮ್ಶಿಯ ಬಗ್ಗೆ ಹೆಚ್ಚು ಜನ ಗಮನಿಸದ ಒಂದು ವಿಷಯ ಇದೆ. ಟ್ಯೂರಿನ್‌ನಲ್ಲಿ ಅವನು ಓದಿದ್ದು ಭಾಷಾಶಾಸ್ತ್ರ. ಅವನ ಗುರು ಮತ್ತೇಯೊ ಬಾರ್ತೊಲಿ, ಒಂದು ಭಾಷೆ ಇನ್ನೊಂದರ ಮೇಲೆ ಹೇಗೆ ಪ್ರಭಾವ ಬೀರುತ್ತದೆ ಎಂಬುದನ್ನು ಅಧ್ಯಯನ ಮಾಡಿದವರು. ಸೈನ್ಯ ಇಲ್ಲದೆಯೂ ಒಂದು ಭಾಷೆಯ ಪದಗಳು ಪಕ್ಕದ ಊರಿಗೆ ಹೋಗುತ್ತವೆ, ಯಾಕೆಂದರೆ ಅದಕ್ಕೆ ಪ್ರತಿಷ್ಠೆ ಇದೆ, ಜನ ತಾವಾಗಿ ಎತ್ತಿಕೊಳ್ಳುತ್ತಾರೆ. ಹೆಜೆಮನಿಯ ಕಲ್ಪನೆಗೆ ಇಲ್ಲಿಂದಲೂ ಬೇರು ಸಿಕ್ಕಿತು ಎಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ. ಗ್ರಾಮ್ಶಿಯ ಮನೆಮಾತು ಇಟಾಲಿಯನ್ ಅಲ್ಲ, ಸಾರ್ಡಿನಿಯನ್. 1927ರ ಮಾರ್ಚ್‌ನಲ್ಲಿ ಅವನು ಸೆರೆಯಿಂದ ತಂಗಿ ತೆರೆಸಿನಾಗೆ ಒಂದು ಕಾಗದ ಬರೆದ. ನಿನ್ನ ಮಗ ಸಾರ್ಡಿನಿಯನ್ ಮಾತಾಡಲಿ, ತಡೆಯಬೇಡ, ಅದು ಉಪಭಾಷೆಯಲ್ಲ, ಅದೇ ಒಂದು ಭಾಷೆ ಎಂದ. ಅವನ ಕೊನೆಯ ನೋಟ್‌ಬುಕ್ಕು, 1935ರದ್ದು, ವ್ಯಾಕರಣದ ಬಗ್ಗೆ.

ಇದನ್ನು ಕಾರವಾರದಲ್ಲಿ ಕೂತು ಓದಿದರೆ ಎದೆಗೆ ತಾಗುತ್ತದೆ. 1862ರಿಂದ 1956ರವರೆಗೆ ಕಾರವಾರ ಮುಂಬೈ ಆಡಳಿತದಲ್ಲಿತ್ತು. ಮನೆಯಲ್ಲಿ ಕೊಂಕಣಿ ಮಾತಾಡುವ ಎಷ್ಟೋ ಮಕ್ಕಳು ಶಾಲೆಯಲ್ಲಿ ಮರಾಠಿ ಕಲಿತರು. ಕೊಂಕಣಿ ಅಂದರೆ ಮರಾಠಿಯ ಒಂದು ಬೋಲಿ (ಉಪಭಾಷೆ) ಅಷ್ಟೇ, ಅದರಲ್ಲಿ ಬರೆಯುವುದೇನು ಎಂಬ ಮಾತು ಕೊಂಕಣಿಗರ ಬಾಯಲ್ಲೇ ಬರುತ್ತಿತ್ತು. ಯಾವ ಕಾನೂನೂ ಹಾಗೆ ಹೇಳಿಸಿರಲಿಲ್ಲ. ಅದನ್ನು ಒಪ್ಪದವರು 1939ರ ಜುಲೈ 8ರಂದು ಕಾರವಾರದಲ್ಲೇ ಅಖಿಲ ಭಾರತ ಕೊಂಕಣಿ ಪರಿಷತ್ತು ಕಟ್ಟಿದರು. ಮುಂದೆ ನಿಂತವರು ಇಲ್ಲಿನ ವಕೀಲ ಮಾಧವ ಮಂಜುನಾಥ ಶಾನಭಾಗ. ಆಮೇಲೆ 1967ರ ಜನವರಿ 16ರಂದು ಗೋವಾದವರು ಮಹಾರಾಷ್ಟ್ರ ಸೇರುವುದಿಲ್ಲ ಎಂದು ಮತ ಹಾಕಿದರು. 1975ರಲ್ಲಿ ಸಾಹಿತ್ಯ ಅಕಾಡೆಮಿ ಕೊಂಕಣಿಯನ್ನು ಸ್ವತಂತ್ರ ಭಾಷೆ ಎಂದು ಒಪ್ಪಿತು. 1992ರಲ್ಲಿ ಅದು ಸಂವಿಧಾನದ 8ನೇ ಪರಿಚ್ಛೇದಕ್ಕೆ ಸೇರಿತು.

ಕನ್ನಡದಲ್ಲಿ ಬರೆಯುವ ನಾವು ಇಲ್ಲಿಗೇ ನಿಲ್ಲಿಸಿದರೆ ನ್ಯಾಯವಾಗುವುದಿಲ್ಲ. ಮರಾಠಿ ಇದ್ದ ಜಾಗದಲ್ಲಿ ಈಗ ಕಾರವಾರದ ಕಚೇರಿ, ಶಾಲೆಗಳಲ್ಲಿ ಕನ್ನಡ ಇದೆ. ಇರಬೇಕಾದದ್ದೇ, ರಾಜ್ಯದ ಭಾಷೆ ಅದು. ಆದರೆ ಕನ್ನಡದೊಳಗೂ ಮೇಲೆ ಕೆಳಗೆ ಇದೆ. ಶಿರಸಿಯ ಹವ್ಯಕ ಮನೆಯ ಮಗು ‘ಆನು ಬತ್ತಿ’ ಎಂದರೆ, ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಮಗು ತನ್ನ ಮನೆಯ ಕನ್ನಡದಲ್ಲಿ ಉತ್ತರ ಕೊಟ್ಟರೆ, ‘ಸರಿಯಾಗಿ ಮಾತಾಡು’ ಎಂದು ತಿದ್ದುವವರು ಸಿಗುತ್ತಾರೆ. ಪುಸ್ತಕದ ಕನ್ನಡ ಬೇಕು, ಅದಿಲ್ಲದೆ ಈ ಲೇಖನವನ್ನೂ ಬರೆಯಲಾಗುತ್ತಿರಲಿಲ್ಲ. ಗ್ರಾಮ್ಶಿಯೂ ಇಟಾಲಿಯನ್ ಬೇಡ ಅನ್ನಲಿಲ್ಲ. ಬಡವರ ಮಕ್ಕಳು ಅದನ್ನು ಚೆನ್ನಾಗಿ ಕಲಿಯಲೇಬೇಕು, ಇಲ್ಲದಿದ್ದರೆ ಊರಿನ ಆಚೆಗೆ ಅವರ ಮಾತು ತಲುಪುವುದಿಲ್ಲ ಎಂದೇ ಅವನ ನಿಲುವು. ಅವನ ತಕರಾರು, ಒಂದನ್ನು ಕಲಿಸುವುದಕ್ಕೆ ಇನ್ನೊಂದನ್ನು ಬಾಯಿಂದ ಕಿತ್ತುಹಾಕುವ ಬಗ್ಗೆ. ಮನೆಮಾತನ್ನು ‘ಸರಿಯಲ್ಲದ ಕನ್ನಡ’ ಎಂದು ಮಗುವಿಗೆ ಮೊದಲು ಹೇಳುವವರು ಹೆಚ್ಚಿನ ಸಲ ಶಾಲೆಯವರಲ್ಲ, ನಾಳೆ ಮಗುವಿಗೆ ಅವಮಾನ ಆಗದಿರಲಿ ಎಂದು ಬಯಸುವ ಅಪ್ಪ ಅಮ್ಮ.